ಶಾಲೆಯ ಪ್ಲೆಡ್ಜ್ ಹೇಳಲೇಬೇಕಾ?

ನಮಸ್ಕಾರ. ಡಲ್ಲಾಸ್‌ಗೆ ಬಂದು ಎರಡು ತಿಂಗಳಾಯ್ತು, ಮಗಳು ಪಬ್ಲಿಕ್ ಸ್ಕೂಲಿನಲ್ಲಿ (ಅಂದರೆ ಇಲ್ಲಿನ ಸರ್ಕಾರಿ ಶಾಲೆಯಲ್ಲಿ) ನಾಲ್ಕನೇ ಕ್ಲಾಸು ಅಂತ ಬರೆದಿದ್ದೀರಿ. ದಿನಾ ಬೆಳಿಗ್ಗೆ ಎದೆ ಮೇಲೆ ಕೈ ಇಟ್ಟು ಅಮೆರಿಕದ ಬಾವುಟಕ್ಕೆ ನಿಷ್ಠೆಯ ಪ್ರಮಾಣ, ಅಂದರೆ ಪ್ಲೆಡ್ಜ್, ಹೇಳಿಸ್ತಾರೆ, ನಮ್ಮದು ಭಾರತದ ಪಾಸ್‌ಪೋರ್ಟು, ಹೇಳದಿದ್ದರೆ ವೀಸಾಕ್ಕೆ ತೊಂದರೆಯಾ ಅನ್ನೋದು ನಿಮ್ಮ ಪ್ರಶ್ನೆ.

ಹೇಳಲೇಬೇಕಿಲ್ಲ. ವೀಸಾಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹೇಳಿದರೂ ಅವಳ ಭಾರತೀಯ ಪೌರತ್ವ ಎಲ್ಲಿಗೂ ಹೋಗುವುದಿಲ್ಲ. ಇಲ್ಲಿನ ಸಿಟಿಜನ್ ಆಗುವಾಗ ತಗೊಳ್ಳುವ ಪ್ರಮಾಣವೇ ಬೇರೆ.

ಆದರೆ ನೀವಿರುವುದು ಟೆಕ್ಸಾಸ್. ಇಲ್ಲಿ ದೇಶದ ಬಾವುಟಕ್ಕೊಂದು ಪ್ಲೆಡ್ಜ್, ರಾಜ್ಯದ ಬಾವುಟಕ್ಕೆ ಇನ್ನೊಂದು. ಆಮೇಲೆ ಒಂದು ನಿಮಿಷ ಮೌನ. ಬೇಡ ಅನ್ನುವವರು ತಂದೆ ಅಥವಾ ತಾಯಿಯಿಂದ ಪತ್ರ ಕೊಡಿಸಬೇಕು ಅಂತ ರಾಜ್ಯದ ಕಾನೂನು ಹೇಳುತ್ತದೆ. ಪತ್ರದಲ್ಲಿ ಕಾರಣ ಬರೆಯಬೇಕಾಗಿಲ್ಲ. ‘ನನ್ನ ಮಗಳನ್ನು ಎರಡೂ ಪ್ಲೆಡ್ಜ್‌ಗಳಿಂದ ಬಿಡಬೇಕು’ ಅಂತ ಒಂದು ಸಾಲು, ಹೆಸರು, ಸಹಿ, ಅಷ್ಟೇ. ಮೌನದ ಒಂದು ನಿಮಿಷ ಮಾತ್ರ ಅವಳೂ ಸುಮ್ನೆ ಕೂತಿರಲಿ.

ನಮ್ಮ ಮನೆಯ ಕಥೆ ಹೇಳ್ತೀನಿ. ನನ್ನ ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ, "ನಿನ್ನೆ ಮಾಡಿದ ಪ್ರಮಾಣ ಇವತ್ತಿಗೆ ಸಾಲಲ್ವಾ ಅಮ್ಮಾ?" ಅಂದಳು. ನಾನು ತಬ್ಬಿಬ್ಬು. ನಮ್ಮೆಜಮಾನರು, "ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ, ಸುಮ್ನೆ ಹೇಳ್ಲಿ ಬಿಡು" ಅಂದರು. ಎರಡು ದಿನ ವಾದ ಆಯ್ತು, ಅವಳೇ ಗೆದ್ದಳು, ಪತ್ರ ಕೊಟ್ಟೆ. ಕ್ಲಾಸ್ ಟೀಚರ್ ಒಂದು ಮಾತೂ ಆಡಲಿಲ್ಲ. ಮೂರನೇ ವಾರ ಬದಲಿ ಟೀಚರ್ ಬಂದಿದ್ದರು. ಪತ್ರ ಆಫೀಸಿನ ಫೈಲಿನಲ್ಲಿ ಬೆಚ್ಚಗಿತ್ತು, ಅವರಿಗೆ ಗೊತ್ತಿಲ್ಲ. ಎಲ್ಲರೆದುರು ಇವಳನ್ನು ಹೊರಗೆ ಕಾರಿಡಾರಿನಲ್ಲಿ ನಿಲ್ಲಿಸಿದರು. ಸಂಜೆ ಕಾರಿನಲ್ಲಿ ಕೂತವಳು ಬೆಲ್ಟ್ ಹಾಕಿಕೊಳ್ಳದೆ ಅದರ ಬಕಲ್ ತಿರುಗಿಸ್ತಾನೇ ಇದ್ದಳು. ಮರುದಿನ ಪ್ರಿನ್ಸಿಪಾಲರು ಕ್ಷಮೆ ಕೇಳಿದರು, ನಿಜ. ಆದರೂ ಆ ಬಕಲ್ ನೆನಪಿದೆ ನನಗೆ.

ಈ ಹಕ್ಕು ನಿನ್ನೆ ಮೊನ್ನೆಯದಲ್ಲ. ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಗಡದವರಿಗೆ ಬಾವುಟಕ್ಕೆ ವಂದಿಸುವುದು ವಿಗ್ರಹಾರಾಧನೆ ಇದ್ದ ಹಾಗೆ. 1940ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು. ಅದಾದ ಮೇಲೆ ಎಷ್ಟೋ ಕಡೆ ಜನ ಅವರ ಮೇಲೆ ಕೈ ಮಾಡಿದರು. ಮೂರೇ ವರ್ಷದಲ್ಲಿ ಕೋರ್ಟು ತನ್ನ ಮಾತು ತಾನೇ ತಿರುಗಿಸಿತು. ವೆಸ್ಟ್ ವರ್ಜೀನಿಯಾದ ಇಬ್ಬರು ಅಕ್ಕತಂಗಿಯರನ್ನು ವಂದನೆ ಮಾಡಲಿಲ್ಲ ಅಂತ ಶಾಲೆಯಿಂದ ಹೊರಗೆ ಹಾಕಿದ್ದರು. ಅವರ ಕೇಸಿನಲ್ಲಿ 1943ರ ಜೂನ್ 14ರಂದು, ಅದೂ ಬಾವುಟ ದಿನದಂದೇ, 6-3ರಿಂದ ತೀರ್ಪು ಬಂತು: ಸರ್ಕಾರಿ ಶಾಲೆ ಯಾವ ಮಗುವಿನ ಬಾಯಿಂದಲೂ ಒತ್ತಾಯವಾಗಿ ನಿಷ್ಠೆ ಹೇಳಿಸುವ ಹಾಗಿಲ್ಲ. ಮಹಾಯುದ್ಧ ನಡೀತಿದ್ದಾಗ ಬಂದ ತೀರ್ಪು ಇದು, ನೋಡಿ. ಅವರ ಮನೆತನದ ಹೆಸರು ಬಾರ್ನೆಟ್. ಕೋರ್ಟಿನ ಕಾಗದದಲ್ಲಿ ಇಂಗ್ಲಿಷಿನ ಒಂದು ‘ಇ’ ಜಾಸ್ತಿ ಸೇರಿಕೊಂಡು ಕೇಸು ಇವತ್ತಿಗೂ ತಪ್ಪು ಹೆಸರಿನಲ್ಲೇ ಇದೆ.

ನಮ್ಮಲ್ಲೂ ಇಂಥದ್ದೇ ನಡೆದಿದೆ. ಕೇರಳದಲ್ಲಿ ಅದೇ ಪಂಗಡದ ಮೂವರು ಮಕ್ಕಳು ಜನಗಣಮನಕ್ಕೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆಯಿಂದ ತೆಗೆದರು. 1986ರಲ್ಲಿ ನಮ್ಮ ಸುಪ್ರೀಂ ಕೋರ್ಟು ಅವರನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ಇಲ್ಲಿನ ತೀರ್ಪನ್ನೂ ಆಗ ನೆನೆದಿತ್ತು.

ಇನ್ನೊಂದು ತಮಾಷೆ. ನಾವು ಶಾಲೆಯಲ್ಲಿ ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಹೇಳ್ತಿದ್ದೆವಲ್ವಾ? ಇಲ್ಲಿನ ಮಕ್ಕಳೂ ಹಿಂದೆ ಬಾವುಟದ ಕಡೆ ಕೈ ಚಾಚುತ್ತಿದ್ದರು. ಹಿಟ್ಲರನ ಸೆಲ್ಯೂಟ್ ಥರ ಕಾಣುತ್ತೆ ಅಂತ 1942ರಲ್ಲಿ ಕೈಯನ್ನು ಎದೆಗೆ ತಂದರು.

ಖಾಸಗಿ ಶಾಲೆಗೆ ಈ ತೀರ್ಪು ಅನ್ವಯಿಸುವುದಿಲ್ಲ, ಅಲ್ಲಿಗೆ ಬದಲಾಯಿಸುವುದಾದರೆ ಮೊದಲೇ ಕೇಳಿಕೊಳ್ಳಿ.

ಪತ್ರ ಬರೆಯೋ ಮುಂಚೆ ಮಗಳನ್ನೊಮ್ಮೆ ಕೇಳಿ. ಅವಳಿಗೆ ಗೆಳತಿಯರ ಜೊತೆ ಹೇಳೋದೇ ಖುಷಿ ಇರಬಹುದು, ಹಾಗಿದ್ದರೆ ಹೇಳಲಿ ಬಿಡಿ. ಬೇಡ ಅಂದರೆ ಪತ್ರದ ಒಂದು ಕಾಪಿ ಆಫೀಸಿಗೆ, ಒಂದು ಕ್ಲಾಸ್ ಟೀಚರಿಗೆ. ಇನ್ನೊಂದನ್ನು ಮಡಚಿ ಅವಳ ಬ್ಯಾಗಿನಲ್ಲಿ ಇಡಿ, ಬದಲಿ ಟೀಚರ್ ಬಂದ ದಿನ ಬೇಕಾಗುತ್ತದೆ.