ಕೇಳಿ, ಹೇಳ್ತೀವಿ: ಐದು ‘ಕ’ ಬಾಯಿಪಾಠ ಆಯ್ತು, ಆಮೇಲೆ?

ಪ್ರಶ್ನೆ: ನಾನು ಕಾರವಾರದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಸಿಖ್ ಧರ್ಮದ ಪಾಠ ಬಂದಾಗ ‘ಹಿಂದೂ ಮತ್ತು ಇಸ್ಲಾಂ ಧರ್ಮಗಳ ಒಳ್ಳೆಯ ಅಂಶ ಸೇರಿಸಿ ನಾನಕರು ಸ್ಥಾಪಿಸಿದ ಧರ್ಮ’ ಎಂದು ಒಂದು ಸಾಲು ಬರೆಸಿ ಮುಂದೆ ಹೋಗುತ್ತಿದ್ದೆ. ಈ ವರ್ಷ ಅರಗಾ ನೌಕಾನೆಲೆಯ ಕಡೆಯಿಂದ ಬರುವ ಸಿಖ್ ಹುಡುಗನೊಬ್ಬ ತರಗತಿಯಲ್ಲಿದ್ದಾನೆ. ಆ ಸಾಲು ಬರೆಸುವಾಗ ಅವನು ಪೆನ್ನು ಕೆಳಗಿಟ್ಟು ಕೂತ. ನಾನು ಎಲ್ಲಿ ತಪ್ಪಿದೆ? ಅವನನ್ನೇ ಎಬ್ಬಿಸಿ ಪಾಠ ಹೇಳಿಸಬಹುದಾ?
– ಶಿಕ್ಷಕಿ, ಕಾರವಾರ

ಉತ್ತರ: ಆ ಸಾಲನ್ನು ನಾನೂ ಸಿರ್ಸಿ ಕಡೆಯ ಶಾಲೆಯಲ್ಲಿ ವರ್ಷಗಟ್ಟಲೆ ಬರೆಸಿದ್ದೇನೆ ಮೇಡಂ, ಹಾಗಾಗಿ ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ. ಇಷ್ಟು ಮುರುಗಲು, ಇಷ್ಟು ಬೆಲ್ಲ ಹಾಕಿ ಪಾನಕ ಕದಡಿದ ಹಾಗೆ ಯಾರೂ ಧರ್ಮ ಕದಡುವುದಿಲ್ಲ. ನಾನಕರು ಹೇಳಿದ್ದು ರೂಪವಿಲ್ಲದ ಒಬ್ಬನೇ ದೇವರ ಮಾತು. ಅವನ ನಾಮ ನೆನೆ, ಸ್ವಂತ ದುಡಿಮೆಯಿಂದ ಬದುಕು, ಇದ್ದದ್ದನ್ನು ಹಂಚಿ ತಿನ್ನು. ಕೊನೆಯ ವರ್ಷಗಳಲ್ಲಿ ಕರ್ತಾರ್‌ಪುರದಲ್ಲಿ ಸ್ವತಃ ಹೊಲದ ಕೆಲಸ ಮಾಡಿಕೊಂಡೇ ಇದನ್ನು ಹೇಳಿದರು. ಸುತ್ತಲೂ ಭಕ್ತರಿದ್ದರು, ಸೂಫಿಗಳಿದ್ದರು, ಆ ಗಾಳಿ ಅವರಿಗೂ ತಾಗಿರುತ್ತದೆ. ಆದರೆ ಸಿಖ್ಖರು ತಮ್ಮದನ್ನು ಎರಡರ ಬೆರಕೆ ಎಂದು ನೋಡುವುದಿಲ್ಲ. ಹುಡುಗ ಪೆನ್ನು ಕೆಳಗಿಟ್ಟಿದ್ದು ಅದಕ್ಕೇ.

ಹಾಗಾದರೆ ಸಿಖ್ಖರ ಧರ್ಮಗ್ರಂಥವಾದ ಗುರು ಗ್ರಂಥ ಸಾಹಿಬ್‌ನಲ್ಲಿ ಕಬೀರ, ರವಿದಾಸ, ಶೇಖ್ ಫರೀದರ ಹಾಡುಗಳು ಯಾಕಿವೆ ಎಂದು ಮಕ್ಕಳು ಕೇಳಬಹುದು. ಒಳ್ಳೆಯ ಪ್ರಶ್ನೆ, ಬಿಡಬೇಡಿ. ಐದನೆಯ ಗುರು ಅರ್ಜನರು 1604ರಲ್ಲಿ ಗ್ರಂಥವನ್ನು ಸಿದ್ಧಮಾಡಿದಾಗ, ಗುರುಗಳ ವಾಣಿಯ ಜೊತೆಗೆ ತಮ್ಮ ಮಾತಿಗೆ ಹೊಂದುವ ಸಂತರ ಪದಗಳನ್ನು ಆರಿಸಿ ಸೇರಿಸಿದರು. ಅದರಲ್ಲಿ ನಾಮದೇವರೂ ಇದ್ದಾರೆ. ನಿಮ್ಮ ಕಾರವಾರದಲ್ಲಿ ವಿಠ್ಠಲನ ಭಜನೆ ಕೇಳಿ ಬೆಳೆದ ಮಕ್ಕಳಿಗೆ ಆ ಹೆಸರು ಹೊಸದಲ್ಲ. ಇಲ್ಲಿ ಅಭಂಗದಲ್ಲಿ ಕೇಳುವ ನಾಮದೇವರು ಅಮೃತಸರದ ಗ್ರಂಥದೊಳಗೂ ಇದ್ದಾರೆ ಅಂದರೆ ಹಿಂದಿನ ಬೆಂಚೂ ಕಿವಿ ನಿಮಿರಿಸುತ್ತದೆ.

ಇನ್ನು ಐದು ‘ಕ’, ಅಂದರೆ ಸಿಖ್ಖರು ಧರಿಸುವ ಐದು ಗುರುತುಗಳು. ಇದನ್ನು ನಾನು ಸುಮ್ನೆ ಬಾಯಿಪಾಠ ಮಾಡಿಸುತ್ತಿದ್ದೆ: ಕೇಶ, ಕಂಗಾ, ಕಡಾ, ಕಛೇರಾ, ಕಿರ್ಪಾನ್. ಒಮ್ಮೆ ಪರೀಕ್ಷೆಯಲ್ಲಿ ಒಬ್ಬ ಹುಡುಗ ‘ಕೂದಲು, ಕಂಗಾ, ಕಡಗ, ಕಚ್ಚೆ, ಕತ್ತಿ’ ಎಂದು ಬರೆದಿದ್ದ. ನಕ್ಕು ನಕ್ಕು ಪೂರ್ತಿ ಅಂಕ ಕೊಟ್ಟೆ. ನಾನು ‘ಕಂಗಾ’ ಅಂದರೆ ಬಾಚಣಿಗೆ ಅಂತ ಕೂಡ ಹೇಳಿರಲಿಲ್ಲ ಅಂತ ಆಗ ಗೊತ್ತಾಯಿತು. ಯಾಕೆ ಧರಿಸುತ್ತಾರೆ ಅನ್ನೋದು ದೂರದ ಮಾತು! ಕತ್ತರಿಸದ ಕೂದಲನ್ನು ಜಟೆಗಟ್ಟಲು ಬಿಡದೆ ಬಾಚಿ ಒಪ್ಪವಾಗಿಡಲು ಬಾಚಣಿಗೆ. ಇಷ್ಟು ಹೇಳಿದರೂ ಪಟ್ಟಿಗೆ ಜೀವ ಬರುತ್ತದೆ. ಇನ್ನೊಂದು, ಈ ಐದು ನಾನಕರ ಕಾಲದ್ದಲ್ಲ. ನಾನಕರು ಹುಟ್ಟಿದ್ದು 1469ರಲ್ಲಿ. ಹತ್ತನೆಯ ಗುರು ಗೋಬಿಂದ್ ಸಿಂಗ್ ಆನಂದ್‌ಪುರದಲ್ಲಿ ಖಾಲ್ಸಾ, ಅಂದರೆ ದೀಕ್ಷೆ ಪಡೆದ ಸಿಖ್ಖರ ಬಳಗ, ಕಟ್ಟಿದ್ದು 1699ರ ಬೈಸಾಖಿಯಂದು. ನಡುವೆ 230 ವರ್ಷ ಇದೆ. ನಾವು ಅದನ್ನು ಒಂದೇ ಪುಟದಲ್ಲಿ ಮಡಚಿ ಇಟ್ಟುಬಿಡುತ್ತೇವೆ, ಅಲ್ವಾ?

ಕಷ್ಟದ ಭಾಗ ಅಂದರೆ ಬಲಿದಾನಗಳದ್ದು. 1606ರಲ್ಲಿ ಜಹಾಂಗೀರನ ಕಾಲದಲ್ಲಿ ಲಾಹೋರಿನಲ್ಲಿ ಗುರು ಅರ್ಜನರು, 1675ರಲ್ಲಿ ಔರಂಗಜೇಬನ ಆಜ್ಞೆಯಂತೆ ದೆಹಲಿಯಲ್ಲಿ ಗುರು ತೇಗ್ ಬಹದ್ದೂರ್. ಇದನ್ನು ಮೆತ್ತಗೆ ಮಾಡಿ ಹೇಳುವುದೂ ಬೇಡ, ಪಕ್ಕದ ಬೆಂಚಿನ ಮುಸ್ಲಿಂ ಹುಡುಗಿ ತಲೆ ತಗ್ಗಿಸುವ ಹಾಗೆ ಹೇಳುವುದೂ ಬೇಡ. ಜಹಾಂಗೀರ ತನ್ನ ಆತ್ಮಕಥೆಯಲ್ಲೇ ಗುರು ಅರ್ಜನರ ಮೇಲಿನ ಸಿಟ್ಟನ್ನೂ, ದಂಗೆಯೆದ್ದ ಮಗ ಖುಸ್ರೋನಿಗೆ ಅವರು ತಿಲಕವಿಟ್ಟರೆಂಬ ದೂರನ್ನೂ ಬರೆದಿದ್ದಾನೆ. ಧರ್ಮವೂ ಇತ್ತು, ಸಿಂಹಾಸನದ ಭಯವೂ ಇತ್ತು. ಹಾಗೇ ನಾನಕರ ಹಾಡಿಗೆ ರಬಾಬ್ ಎಂಬ ತಂತಿವಾದ್ಯ ನುಡಿಸುತ್ತಾ ಊರೂರು ಸುತ್ತಿದ ಮರ್ದಾನಾ ಮುಸ್ಲಿಮರು. 1688ರಲ್ಲಿ ಭಂಗಾಣಿಯಲ್ಲಿ ಗುರು ಗೋಬಿಂದರ ಮೇಲೆ ದಂಡೆತ್ತಿ ಬಂದದ್ದು ಬೆಟ್ಟದ ಹಿಂದೂ ರಾಜರು. ಇವೆರಡನ್ನು ಸೇರಿಸಿ ಹೇಳಿದರೆ ಯಾರು ಯಾರ ಶತ್ರು ಎಂಬ ರೆಡಿಮೇಡ್ ಉತ್ತರ ತರಗತಿಯಲ್ಲಿ ನಿಲ್ಲುವುದಿಲ್ಲ.

ನಂಬಿಕೆಯ ಕತೆಗಳನ್ನು ಬಿಡಬೇಕಿಲ್ಲ. ಅಕ್ಬರ್ ಕೂಡ ಗುರು ಅಮರದಾಸರ ಬಳಿ ಬಂದಾಗ ಎಲ್ಲರ ಜೊತೆ ನೆಲದ ಮೇಲೆ ಕೂತು ಲಂಗರ್, ಅಂದರೆ ಎಲ್ಲರಿಗೂ ಒಟ್ಟಿಗೆ ಬಡಿಸುವ ಊಟ, ಮಾಡಿದ ಎಂಬ ಕತೆ ಇದೆ. ‘ಎಂದು ಸಿಖ್ ಪರಂಪರೆ ಹೇಳುತ್ತದೆ’ ಎಂದು ಸೇರಿಸಿ, ಅಷ್ಟೇ. ಲಂಗರ್‌ನಲ್ಲಿ ಕೂರುವ ಸಾಲಿಗೆ ಅವರು ‘ಪಂಗತ್’ ಅನ್ನುತ್ತಾರೆ. ನಮ್ಮ ‘ಪಂಕ್ತಿ’ಯೇ ಅದು. ಪಂಕ್ತಿಭೇದ ಅಂದರೇನು ಅಂತ ನಮ್ಮ ಜಿಲ್ಲೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ, ಮನೆಯಲ್ಲಿ ಅಜ್ಜಿಯನ್ನು ಕೇಳಿದರೆ ಸಾಕು. ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕೂರುವುದು ಆ ಕಾಲಕ್ಕೆ ಎಷ್ಟು ದೊಡ್ಡ ಮಾತು ಎಂದು ಅವರಿಗೆ ತಾನಾಗೇ ಹೊಳೆಯುತ್ತದೆ.

ಹುಡುಗನನ್ನು ಮುಂದೆ ನಿಲ್ಲಿಸಬೇಡಿ. ಅವನು ಕಾರವಾರಕ್ಕೆ ಓದಲು ಬಂದವನು, ಮ್ಯೂಸಿಯಂ ವಸ್ತು ಅಲ್ಲ. ತಲೆಗೆ ಕಟ್ಟಿದ ಪಟ್ಕಾದ ಮೇಲಿನ ಗಂಟನ್ನು ನೋಡಿ ಒಳಗೆ ಏನಿದೆ ಅಂತ ಈಗಾಗಲೇ ಎಷ್ಟು ಮಂದಿ ಕೇಳಿದ್ದಾರೋ, ಎಷ್ಟು ಮಂದಿ ಮುಟ್ಟಿ ನೋಡಿದ್ದಾರೋ. ಒಳಗೆ ಇರುವುದು ಕೂದಲು, ಮುಟ್ಟುವುದು ಅವಮಾನ ಎಂದು ನೀವೇ ಹೇಳಿ. ಪಾಠಕ್ಕೆ ಮೊದಲು ಬೇಕಾದರೆ ಅವನನ್ನೂ ಅವನ ಅಪ್ಪ ಅಮ್ಮನನ್ನೂ ಪಕ್ಕಕ್ಕೆ ಕೇಳಿ. ಅವನಾಗಿ ಕೈ ಎತ್ತಿದರೆ ಮಾತಾಡಲಿ. ಮತ್ತೆ ಆ ಹಳೆಯ ಸಾಲನ್ನು ಎಲ್ಲರ ಪುಸ್ತಕದಲ್ಲೂ ಹೊಡೆಸಿ, ‘ನಾನು ತಪ್ಪು ಬರೆಸಿದ್ದೆ’ ಅನ್ನಿ. ಏನೂ ಆಗುವುದಿಲ್ಲ, ನಾನು ಮಾಡಿ ನೋಡಿದ್ದೇನೆ.

ಪ್ರಶ್ನೆ: ಹೆಸರಲ್ಲಿ ಸಿಂಗ್ ಇದ್ದವರೆಲ್ಲ ಸಿಖ್ಖರೇ?
– ಪಿಯುಸಿ ವಿದ್ಯಾರ್ಥಿ, ಕುಮಟಾ

ಉತ್ತರ: ಅಲ್ಲ. ರಜಪೂತರಲ್ಲಿ ಸಿಂಗ್ ಇದ್ದಾರೆ, ಮಣಿಪುರದಲ್ಲೂ ಇದ್ದಾರೆ. ಖಾಲ್ಸಾದಲ್ಲಿ ಗಂಡಸರಿಗೆ ಸಿಂಗ್, ಹೆಂಗಸರಿಗೆ ಕೌರ್.

ಪ್ರಶ್ನೆ: ಶಾಲೆಯ ಪ್ರವಾಸಕ್ಕೆ ಅಮೃತಸರ ದೂರ. ಕರ್ನಾಟಕದಲ್ಲೇ ತೋರಿಸುವಂಥದ್ದು ಏನಾದರೂ ಇದೆಯಾ?
– ಪೋಷಕರು, ಸಿರ್ಸಿ

ಉತ್ತರ: ಬೀದರ್ ಇದೆಯಲ್ಲ! ಸಿರ್ಸಿಯಿಂದ ರಾತ್ರಿಯಿಡೀ ಪ್ರಯಾಣ ಅನ್ನಿ, ಆದರೂ ಅಮೃತಸರಕ್ಕಿಂತ ವಾಸಿ. ಅಲ್ಲಿಯ ಗುರುದ್ವಾರದ ಹೆಸರು ನಾನಕ್ ಝೀರಾ. ನಾನಕರು ದಕ್ಷಿಣಕ್ಕೆ ಬಂದಾಗ ಇಲ್ಲಿ ಸಿಹಿನೀರಿನ ಬುಗ್ಗೆ ಉಕ್ಕಿತು ಎಂಬುದು ನಂಬಿಕೆ, ನೀರು ಈಗಲೂ ಹರಿಯುತ್ತಿದೆ. ಮಕ್ಕಳ ತಲೆಗೆ ಬಟ್ಟೆ ಕಟ್ಟಿಸಿ, ಲಂಗರ್‌ನಲ್ಲಿ ಕೂರಿಸಿ, ಬಡಿಸಲು ಒಪ್ಪಿದರೆ ಬಡಿಸಲೂ ಹಚ್ಚಿ. 1699ರಲ್ಲಿ ಗುರು ಗೋಬಿಂದರು ಕತ್ತಿ ಹಿರಿದು ‘ತಲೆ ಕೊಡುವವರು ಯಾರಿದ್ದೀರಿ’ ಎಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಸಾಹಿಬ್ ಚಂದ್ ಬೀದರಿನವರು, ಆಮೇಲೆ ಅವರು ಸಾಹಿಬ್ ಸಿಂಗ್ ಆದರು. ಅವರ ಮನೆತನದ ಕಸುಬು ಕ್ಷೌರ ಎನ್ನುತ್ತದೆ ಪರಂಪರೆ. ಕೂದಲಿಗೆ ಕತ್ತರಿ ಹಾಕಬಾರದು ಎನ್ನುವ ಖಾಲ್ಸಾಕ್ಕೆ ಮೊದಲು ಸೇರಿದವರಲ್ಲಿ ಒಬ್ಬರು ಕ್ಷೌರಿಕರು, ಅದೂ ನಮ್ಮ ಬೀದರಿನಿಂದ ಹೋದವರು. ಬಸ್ಸಿನಲ್ಲಿ ಹೋಗುವಾಗಲೇ ಮಕ್ಕಳಿಗೆ ಇದನ್ನು ಹೇಳಿಬಿಡಿ.