ಸ್ಯಾನ್ ಆಂಟೋನಿಯೊದಲ್ಲಿ ಸಂಜೆ ಏಳು, ನಮ್ಮಲ್ಲಿ ಮರುದಿನ ಬೆಳಗ್ಗೆ ಆರೂವರೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ಕುರಿತೇ ಇವೆ. ಹಾಗಾಗಿ ಈ ಸಲ ಆ ಒಂದೇ ತಂಡವನ್ನು ಹಿಡಿದು ಉತ್ತರಿಸಿದ್ದೇವೆ.

ವಿಕ್ಟರ್ ವೆಂಬನ್ಯಾಮ ಆಡುವ ತುಣುಕುಗಳನ್ನು ಫೋನಿನಲ್ಲಿ ನೋಡಿ ಸ್ಪರ್ಸ್ ಹುಚ್ಚು ಹಿಡಿದಿದೆ. ಆದರೆ ಒಂದು ಸೀಸನ್‌ಗೆ 82 ಪಂದ್ಯವಂತೆ! ಕಾಲೇಜಿನ ನಡುವೆ ಹೇಗೆ ನೋಡುವುದು?
– ಪದವಿ ವಿದ್ಯಾರ್ಥಿ, ತುಮಕೂರು

82ನ್ನೂ ನೋಡಲು ಹೋಗಬೇಡಿ. ಅಕ್ಟೋಬರ್ ಕೊನೆಯಲ್ಲಿ ಶುರುವಾದದ್ದು ಏಪ್ರಿಲ್ ಮಧ್ಯದವರೆಗೆ ನಡೆಯುತ್ತದೆ, ವಾರಕ್ಕೆ ಮೂರು ನಾಲ್ಕು ಪಂದ್ಯ. ಎಲ್ಲವನ್ನೂ ನೋಡುತ್ತೇನೆಂದು ಹೊರಟವರು ಡಿಸೆಂಬರ್ ಹೊತ್ತಿಗೆ ನಿದ್ದೆಗೆಟ್ಟು ಸುಸ್ತಾಗಿ ಬಿಟ್ಟುಬಿಡುತ್ತಾರೆ. ವಾರಕ್ಕೆ ಎರಡು ಪಂದ್ಯ ಪೂರ್ತಿ ನೋಡಿ. ಉಳಿದವಕ್ಕೆ ಲೀಗ್‌ನ ಆ್ಯಪ್‌ನಲ್ಲಿ ಸುಮಾರು ಹತ್ತು ನಿಮಿಷಕ್ಕೆ ಇಳಿಸಿದ ಆವೃತ್ತಿ ಸಿಗುತ್ತದೆ, ಅಷ್ಟು ಸಾಕು.

ಯಾವ ಎರಡು ಎನ್ನುವುದನ್ನು ಗಡಿಯಾರ ತೀರ್ಮಾನಿಸಲಿ. ತವರಿನ ಪಂದ್ಯ ಅಲ್ಲಿನ ಸಂಜೆ 7ಕ್ಕಿದ್ದರೆ, ಚಳಿಗಾಲದಲ್ಲಿ ನಮಗದು ಮರುದಿನ ಬೆಳಗ್ಗೆ 6.30. ಪೂರ್ವ ಕರಾವಳಿಯ ನ್ಯೂಯಾರ್ಕ್, ಬಾಸ್ಟನ್‌ಗಳಲ್ಲಿ 7ಕ್ಕಿದ್ದರೆ ನಮಗೆ 5.30. ಪಶ್ಚಿಮದ ಲಾಸ್ ಏಂಜಲೀಸ್, ಸ್ಯಾಕ್ರಮೆಂಟೊದಲ್ಲಾದರೆ 8.30, ಅಂದರೆ ಕ್ಲಾಸಿನ ಹೊತ್ತು. ಹೀಗಾಗಿ ತವರಿನ ಪಂದ್ಯಗಳೇ ನಿಮಗೆ ಅನುಕೂಲ. ಹೇಳಿದ ಸಮಯಕ್ಕೂ ಚೆಂಡು ಮೇಲೆ ಹಾರುವುದಕ್ಕೂ ಹತ್ತು ನಿಮಿಷದಷ್ಟು ಅಂತರವಿರುತ್ತದೆ. ಆಟ ಮುಗಿಯಲು ಎರಡೂಕಾಲು ಗಂಟೆ ಹಿಡಿಯುತ್ತದೆ.

ಹೊಸಬರು ತಪ್ಪುವುದು ಎರಡು ಕಡೆ. ಒಂದು, ತಾರೀಖು: ಅವರ ಮಂಗಳವಾರ ಸಂಜೆ ನಮ್ಮ ಬುಧವಾರ ಬೆಳಗ್ಗೆ. ಇನ್ನೊಂದು, ಅಮೆರಿಕದವರು ಗಡಿಯಾರ ತಿರುಗಿಸುವುದು. ಮಾರ್ಚ್‌ನ ಎರಡನೇ ಭಾನುವಾರ ಒಂದು ಗಂಟೆ ಮುಂದಿಟ್ಟುಕೊಂಡು, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಹಾಗಾಗಿ ಅಕ್ಟೋಬರ್‌ನಲ್ಲೂ ಮಾರ್ಚ್ ಮಧ್ಯದ ನಂತರವೂ ಅದೇ ತವರಿನ ಪಂದ್ಯ ನಮಗೆ 5.30ಕ್ಕೇ ಬರುತ್ತದೆ. ಫೀನಿಕ್ಸ್ ಇರುವ ಅರಿಜೋನಾದಲ್ಲಿ ಮಾತ್ರ ಗಡಿಯಾರ ಬದಲಾಗುವುದಿಲ್ಲ, ಅಲ್ಲಿ 7 ಎಂದರೆ ನಮಗೆ ಯಾವಾಗಲೂ 7.30. ವೇಳಾಪಟ್ಟಿಯನ್ನು ಫೋನಿನ ಕ್ಯಾಲೆಂಡರ್‌ಗೆ ಸೇರಿಸಿಕೊಂಡರೆ ಈ ಲೆಕ್ಕದ ತಲೆನೋವಿಲ್ಲ.

ಅಲಾರಂ ಇಡುವ ಮುನ್ನ ಗಾಯಾಳುಗಳ ಪಟ್ಟಿ ನೋಡಿ. ಸತತ ಎರಡು ರಾತ್ರಿ ಪಂದ್ಯವಿದ್ದರೆ ಎರಡನೆಯದರಲ್ಲಿ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಡುವುದುಂಟು. ಇನ್ನು ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್‌ನಲ್ಲಿ ಪೂರ್ತಿ ಪಂದ್ಯವನ್ನು ಎಚ್‌ಡಿಯಲ್ಲಿ ನೋಡಲಾಗದು. ವಿಡಿಯೊ ಗುಣಮಟ್ಟ ಇಳಿಸಿಕೊಳ್ಳಿ, ಇಲ್ಲವೇ ವೈಫೈ ಹಿಡಿಯಿರಿ.

ಸಂಜೆ ಬಂದು ನೋಡುವವರಾದರೆ ಆ್ಯಪ್‌ನಲ್ಲಿ ಸ್ಕೋರ್ ಮರೆಮಾಡುವ ಆಯ್ಕೆ ಒತ್ತಿ, ನೋಟಿಫಿಕೇಶನ್ ನಿಲ್ಲಿಸಿ. ವಿಡಿಯೊದ ಒಟ್ಟು ಅವಧಿಯ ಮೇಲೆ ಕಣ್ಣು ಹಾಯಿಸಬೇಡಿ. ಮಾಮೂಲಿಗಿಂತ ಉದ್ದವಿದ್ದರೆ ಪಂದ್ಯ ಸಮವಾಗಿ ಹೆಚ್ಚುವರಿ ಐದು ನಿಮಿಷಕ್ಕೆ ಹೋಗಿದೆ ಎಂಬ ಗುಟ್ಟು ಅಲ್ಲೇ ಬಯಲಾಗುತ್ತದೆ.

ಮಗನ ಜೊತೆ ಕೂತು ನೋಡುತ್ತೇನೆ. ಚೆಂಡು ಎಲ್ಲಿಂದ ಎಲ್ಲಿಗೆ ಹೋಯಿತು ಎನ್ನುವಷ್ಟರಲ್ಲಿ ಬುಟ್ಟಿಗೆ ಬಿದ್ದಿರುತ್ತದೆ. ಆಟ ಅರ್ಥವಾಗಲು ಏನು ಮಾಡಬೇಕು?
– ಶಿಕ್ಷಕಿ, ಶಿವಮೊಗ್ಗ

ಚೆಂಡಿನಿಂದ ಕಣ್ಣು ಕೀಳಿ. ನೇರಪ್ರಸಾರದಲ್ಲಿ ಇದು ಕಷ್ಟ, ಹಳೆಯ ಪಂದ್ಯದಲ್ಲಿ ಅಭ್ಯಾಸ ಮಾಡಿ. ನಮ್ಮ ಸಲಹೆ 2014ರ ಫೈನಲ್ಸ್‌ನ, ಅಂದರೆ ನಾಲ್ಕು ಪಂದ್ಯ ಮೊದಲು ಗೆದ್ದವರಿಗೆ ಟ್ರೋಫಿ ಸಿಗುವ ಕೊನೆಯ ಸರಣಿಯ, ಮೂರನೇ ಪಂದ್ಯದ ಮೊದಲರ್ಧ. ಮಯಾಮಿ ಹೀಟ್ ತಂಡದ ಅಂಗಳದಲ್ಲೇ ಸ್ಪರ್ಸ್ ಅಂದು 33 ಸಲ ಎಸೆದು 25 ಸಲ ಬುಟ್ಟಿ ಮುಟ್ಟಿಸಿತು. ಶೇ 75.8, ಫೈನಲ್ಸ್‌ನ ಅರ್ಧವೊಂದರ ದಾಖಲೆ ಅದು. ಅರ್ಧಕ್ಕೇ 71 ಪಾಯಿಂಟ್.

ಮೊದಲ ಸಲ ಸುಮ್ಮನೆ ನೋಡಿ. ಎರಡನೇ ಸಲ ಚೆಂಡಿಲ್ಲದ ಒಬ್ಬ ಆಟಗಾರನನ್ನು ಮಾತ್ರ ಹಿಂಬಾಲಿಸಿ. ಅವನು ಎದುರಾಳಿಯ ದಾರಿಗೆ ಗೋಡೆಯಂತೆ ನಿಲ್ಲುತ್ತಾನೆ, ಇದಕ್ಕೆ ಸ್ಕ್ರೀನ್ ಎನ್ನುತ್ತಾರೆ. ಚೆಂಡು ಹಿಡಿದವನು ಅವನ ಭುಜ ಸವರಿಕೊಂಡೇ ಹಾಯುತ್ತಾನೆ. ಈಗ ಕಾಯುವವರಿಬ್ಬರೂ ಚೆಂಡಿನ ಹಿಂದೆ ಹೋದರೆ ಸ್ಕ್ರೀನ್ ಹಾಕಿದವನು ಖಾಲಿಯಾಗಿ ರಿಂಗ್ ಕಡೆ ನುಗ್ಗುತ್ತಾನೆ. ಅವನನ್ನು ತಡೆಯಲು ಮೂರನೆಯವನು ಬಂದರೆ ಮೂಲೆಯಲ್ಲಿ ನಿಂತವನು ಖಾಲಿ. ಅಂದಿನ ಸ್ಪರ್ಸ್ ಆಟವೆಲ್ಲ ಈ ಸರಪಳಿಯನ್ನು ಎದುರಾಳಿಗಿಂತ ಒಂದು ಪಾಸ್ ಮುಂದೆ ಓಡಿಸುವುದರಲ್ಲಿತ್ತು. ಚೆಂಡು ಕೈಗೆ ಬಂದ ಅರ್ಧ ಸೆಕೆಂಡಿನಲ್ಲಿ ಎಸೆ, ಪಾಸ್ ಕೊಡು ಅಥವಾ ನುಗ್ಗು, ಇದು ಕೋಚ್ ಗ್ರೆಗ್ ಪೊಪೊವಿಚ್ ಹಾಕಿಕೊಟ್ಟ ಪಾಠ. ತಡೆದು ಯೋಚಿಸಿದರೆ ಖಾಲಿಯಾಗಿದ್ದ ಜಾಗ ಅಷ್ಟರಲ್ಲಿ ಮುಚ್ಚಿಹೋಗುತ್ತದೆ.

ಮೂರನೇ ಸಲ ಸ್ಪರ್ಸ್‌ನ ಟಿಮ್ ಡಂಕನ್ ಒಬ್ಬರನ್ನೇ ನೋಡಿ. ಎಡಗಡೆ, ರಿಂಗ್‌ನಿಂದ ಹತ್ತು ಹದಿನೈದು ಅಡಿ ದೂರ, ಬೋರ್ಡಿಗೆ ಸುಮಾರು 45 ಡಿಗ್ರಿ ಓರೆಯಲ್ಲಿ ಅವರು ಬೆನ್ನು ತಿರುಗಿಸಿ ನಿಲ್ಲುವುದು, ಚೆಂಡು ಪಡೆದು ಮುಖಾಮುಖಿ ತಿರುಗುವುದು, ಒಂದು ಕ್ಷಣ ಅಲುಗಾಡದೆ ಅಳೆಯುವುದು, ಆಮೇಲೆ ಬೋರ್ಡಿಗೆ ತಾಗಿಸಿ ಎಸೆಯುವುದು. ಬೋರ್ಡ್ ಮೇಲೆ 24 ಇಂಚು ಅಗಲ, 18 ಇಂಚು ಎತ್ತರದ ಚೌಕವಿದೆಯಲ್ಲ, ಅದರ ತಮ್ಮ ಕಡೆಯ ಮೇಲಿನ ಮೂಲೆಯೇ ಗುರಿ. ಅಲ್ಲಿ ಮೆತ್ತಗೆ ತಾಗಿದ ಚೆಂಡು ವೇಗ ಕಳೆದುಕೊಂಡು ಒಳಗಿಳಿಯುತ್ತದೆ. ಕೋರ್ಟಿನ ಅಂಚಿಗೆ ತೀರಾ ಹತ್ತಿರ ನಿಂತರೆ ಕೋನ ಸಿಗುವುದಿಲ್ಲ, ನಡುವಿಗೆ ಬಂದರೆ ನೇರ ಎಸೆತವೇ ಸುಲಭ. ಕಣ್ಣು ಕುಕ್ಕುವಂಥದ್ದು ಇದರಲ್ಲಿ ಏನೂ ಇಲ್ಲ. ಅದಕ್ಕೇ ಇದನ್ನು ಪ್ರೀತಿಸಲು ಕಲಿತವರು ಈ ತಂಡವನ್ನು ಬಿಡುವುದಿಲ್ಲ. ನಿಮ್ಮ ಶಾಲೆಯ ಮೈದಾನದಲ್ಲಿ ಬೋರ್ಡ್ ಇದ್ದರೆ ಮಗನಿಗೆ ಇದನ್ನೇ ಮೊದಲು ಮಾಡಿಸಿ.

ಆ 2014ರ ಗೆಲುವಿನ ತೂಕ ತಿಳಿಯಲು ಹಿಂದಿನ ವರ್ಷದ ಫೈನಲ್ಸ್‌ನ ಆರನೇ ಪಂದ್ಯವನ್ನೂ ನೋಡಲೇಬೇಕು. ಅದೇ ಮಯಾಮಿ ಎದುರು ಸ್ಪರ್ಸ್ ಕೈಗೆ ಟ್ರೋಫಿ ಬಂದೇಬಿಟ್ಟಿತ್ತು. 5.2 ಸೆಕೆಂಡ್ ಉಳಿದಿದ್ದಾಗ ರೇ ಅಲೆನ್ ಮೂಲೆಯಿಂದ ಎಸೆದ ಮೂರು ಪಾಯಿಂಟ್ ಪಂದ್ಯವನ್ನು ಸಮ ಮಾಡಿತು. ಆ ಪಂದ್ಯವೂ ಹೋಯಿತು, ಏಳನೆಯದೂ ಹೋಯಿತು. ಮರುವರ್ಷ ಹೆಚ್ಚುಕಡಿಮೆ ಅದೇ ಆಟಗಾರರು 4–1ರಿಂದ ಗೆದ್ದರು.

ಜಿಲ್ಲಾ ಮಟ್ಟದಲ್ಲಿ ಆಡುತ್ತೇನೆ. ಎನ್‌ಬಿಎ ನೋಡುವಾಗ ಕೆಲವು ತೀರ್ಪುಗಳು ನಮ್ಮವಕ್ಕೆ ತಾಳೆಯಾಗುವುದಿಲ್ಲ. ಏಕೆ?
– ಆಟಗಾರ, ಮಂಡ್ಯ

ನಾವು ಆಡುವುದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫೀಬಾದ ನಿಯಮ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ನಡೆದ ಮಹಿಳಾ ಏಷ್ಯಾ ಕಪ್ ಕೂಡ ಅದರಂತೆಯೇ ನಡೆದದ್ದು. ಎನ್‌ಬಿಎ ನಿಯಮ ಬೇರೆ. ನಮ್ಮಲ್ಲಿ ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಅಲ್ಲಿ ಹನ್ನೆರಡರದು. ಐದು ಫೌಲ್‌ಗೆ ನಾವು ಹೊರಗೆ, ಅವರು ಆರಕ್ಕೆ. ಮೂರು ಪಾಯಿಂಟ್ ಗೆರೆ ನಮಗೆ 6.75 ಮೀಟರ್, ಅವರಿಗೆ 7.24.

ನಿಮ್ಮನ್ನು ಹೆಚ್ಚು ಗೊಂದಲಗೊಳಿಸಿರುವುದು ಇವೆರಡು ಇರಬೇಕು. ಚೆಂಡು ರಿಂಗ್‌ಗೆ ತಾಗಿ ಅದರ ಮೇಲೇ ಕುಣಿಯುತ್ತಿದ್ದರೆ ಫೀಬಾದಲ್ಲಿ ಯಾರು ಬೇಕಾದರೂ ತಟ್ಟಿ ಹಾಕಬಹುದು. ಎನ್‌ಬಿಎಯಲ್ಲಿ ಅದು ರಿಂಗ್‌ನ ಮೇಲಿನ ವಲಯದಿಂದ ಹೊರಬರುವವರೆಗೆ ಮುಟ್ಟುವಂತಿಲ್ಲ. ಎರಡನೆಯದು, ಯಾರನ್ನೂ ಹತ್ತಿರದಿಂದ ಕಾಯದೆ ಡಿಫೆನ್ಸ್ ಆಟಗಾರ ರಿಂಗ್ ಕೆಳಗಿನ ಬಣ್ಣದ ಜಾಗದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಂತರೆ ಅಲ್ಲಿ ದಂಡ, ಎದುರಾಳಿಗೆ ಒಂದು ಫ್ರೀ ಥ್ರೋ, ಅಂದರೆ ಯಾರೂ ತಡೆಯದ ಎಸೆತ. ನಮ್ಮಲ್ಲಿ ಆ ಕಟ್ಟುಪಾಡಿಲ್ಲ. 7 ಅಡಿ 4 ಇಂಚಿನ ವೆಂಬನ್ಯಾಮ ಆಗಾಗ ಆ ಜಾಗದಿಂದ ಹೊರಗೆ ಕಾಲಿಟ್ಟು ಮತ್ತೆ ಒಳಗೆ ಬರುವುದು ಇದೇ ಕಾರಣಕ್ಕೆ. ಅಲ್ಲಿಂದ ಕಲಿತ ಅಭ್ಯಾಸವನ್ನು ನಿಮ್ಮ ಟೂರ್ನಿಗೆ ತರುವ ಮುನ್ನ ಇವನ್ನು ನೆನಪಿಡಿ.

ಪತ್ರಿಕೆಯಲ್ಲಿ, ಆ್ಯಪ್‌ನಲ್ಲಿ ಬರುವ ಅಂಕಿಅಂಶದ ಪಟ್ಟಿಯಲ್ಲಿ ಯಾವುದನ್ನು ನಂಬಬೇಕು?
– ಲೆಕ್ಕಪರಿಶೋಧಕ, ದಾವಣಗೆರೆ

ಒಟ್ಟು ಪಾಯಿಂಟ್‌ಗಿಂತ ಎಷ್ಟು ಎಸೆತಕ್ಕೆ ಎಷ್ಟು ಬಂತು ಎಂಬುದನ್ನು ನೋಡಿ. ಬುಟ್ಟಿಗೆ ಬಿದ್ದ ಎಸೆತಗಳಿಗೆ, ಅವುಗಳಲ್ಲಿ ಮೂರು ಪಾಯಿಂಟಿನವುಗಳ ಅರ್ಧವನ್ನು ಕೂಡಿಸಿ, ಒಟ್ಟು ಎಸೆತಗಳಿಂದ ಭಾಗಿಸಿ. 20ರಲ್ಲಿ 10 ಬಿದ್ದು ಅದರಲ್ಲಿ 4 ಮೂರು ಪಾಯಿಂಟಿನವಾದರೆ 12ನ್ನು 20ರಿಂದ ಭಾಗಿಸಬೇಕು, ಶೇ 60. ಅದು ಒಳ್ಳೆಯ ಆಟ. ಪ್ಲಸ್-ಮೈನಸ್ ಎಂಬ ಕಾಲಂ ಆ ಆಟಗಾರ ಅಂಗಳದಲ್ಲಿದ್ದಾಗ ತಂಡ ಎಷ್ಟು ಮುಂದೆ ಅಥವಾ ಹಿಂದೆ ಹೋಯಿತೆಂದು ಹೇಳುತ್ತದೆ. ಒಂದೇ ಪಂದ್ಯದ ಪ್ಲಸ್-ಮೈನಸ್ ನೋಡಿ ಯಾರನ್ನೂ ಅಳೆಯಬೇಡಿ, ಜೊತೆಗಾರ ನಾಲ್ವರು ಚೆನ್ನಾಗಿ ಎಸೆದರೂ ಇವನ ಲೆಕ್ಕಕ್ಕೇ ಬರುತ್ತದೆ.

ತಂಡ ಸೋಲುತ್ತಿದ್ದರೆ ನೋಡುವ ಮನಸ್ಸೇ ಬರುವುದಿಲ್ಲ. ತಂಡದ ಬದಲು ಮೆಚ್ಚಿನ ಆಟಗಾರನನ್ನು ಹಿಂಬಾಲಿಸಿದರೆ ತಪ್ಪೇ?
– ಓದುಗರು, ಹುಬ್ಬಳ್ಳಿ

ತಪ್ಪಲ್ಲ. ಆದರೆ ಆಟಗಾರ ಹೋಗುತ್ತಾನೆ. 2018ರ ಒಂದೇ ಬೇಸಿಗೆಯಲ್ಲಿ ಸ್ಪರ್ಸ್‌ನ ಕವಾಯ್ ಲೆನರ್ಡ್ ಟೊರಾಂಟೊಗೆ ಹೋದರು, ಟೋನಿ ಪಾರ್ಕರ್ ಶಾರ್ಲೆಟ್‌ಗೆ ಹೋದರು, ಮನು ಜಿನೋಬಿಲಿ ನಿವೃತ್ತರಾದರು. ಹೆಸರು ಹಿಡಿದು ನೋಡುತ್ತಿದ್ದವರಿಗೆ ಆ ವರ್ಷ ಏನೂ ಉಳಿಯಲಿಲ್ಲ. ತಂಡ ಹಿಡಿದವರಿಗೆ ಮುಂದಿನ ಪಂದ್ಯ ಉಳಿಯಿತು.

ಸೋಲಿಗೆ ಈ ಲೀಗ್‌ನಲ್ಲಿ ಒಂದು ಅರ್ಥವಿದೆ. ಸೀಸನ್ ನಂತರದ ನಾಕೌಟ್ ಹಂತವಾದ ಪ್ಲೇಆಫ್ ತಲುಪದ ತಂಡಗಳಿಗೆ ಲಾಟರಿ ಎತ್ತಿ, ಹೊಸ ಆಟಗಾರರನ್ನು ಆರಿಸುವ ಸರದಿ ಕೊಡುತ್ತಾರೆ. ತೀರಾ ಹಿಂದುಳಿದವರಿಗೆ ಅವಕಾಶ ಹೆಚ್ಚು. ಸ್ಪರ್ಸ್ 1997ರಲ್ಲಿ 20 ಗೆಲುವು, 62 ಸೋಲಿನೊಂದಿಗೆ ಮುಗಿಸಿ ಡಂಕನ್‌ರನ್ನು ಪಡೆಯಿತು. ಎರಡು ವರ್ಷಕ್ಕೆ ಮೊದಲ ಟ್ರೋಫಿ, ಆಮೇಲೆ 2003, 2005, 2007, 2014. ಸತತ 22 ವರ್ಷ ಪ್ಲೇಆಫ್ ಆಡಿತು. 2023ರಲ್ಲಿ 22–60ರಲ್ಲಿ ಮುಗಿಸಿದಾಗ ಮೊದಲ ಸರದಿ ಸಿಗುವ ಸಾಧ್ಯತೆ ಶೇ 14 ಮಾತ್ರ. ಸಿಕ್ಕಿತು, ವೆಂಬನ್ಯಾಮ ಬಂದರು. ಅವರು ಬಂದ ಮೊದಲ ಸೀಸನ್ ಕೂಡ 22–60ರಲ್ಲೇ ಮುಗಿಯಿತು!

ಹಾಗಾಗಿ ಸೋಲುವ ತಿಂಗಳುಗಳಲ್ಲಿ ಫಲಿತಾಂಶಕ್ಕಾಗಿ ನೋಡಬೇಡಿ. ಒಬ್ಬ ಎಳೆಯ ಆಟಗಾರನನ್ನು ಆರಿಸಿಕೊಂಡು ಒಂದೇ ವಿಷಯ ಗಮನಿಸಿ: ಎಡಗೈ ಡ್ರಿಬಲ್, ಮೂಲೆಯ ಎಸೆತ, ಫೌಲ್ ಮಾಡದೆ ತಡೆಯುವುದು. ನವೆಂಬರ್‌ಗೂ ಮಾರ್ಚ್‌ಗೂ ಇರುವ ವ್ಯತ್ಯಾಸ ಹಿಡಿಯುವುದರಲ್ಲಿರುವ ಖುಷಿ ಫೈನಲ್ಸ್‌ಗೆ ಮಾತ್ರ ಬಂದು ಕೂರುವವರಿಗೆ ಸಿಗದು.

ಜರ್ಸಿ ಕೊಳ್ಳಬೇಕು. ಯಾವುದು? ಒಗೆಯುವುದು ಹೇಗೆ?
– ಓದುಗರು, ಬೆಳಗಾವಿ

ಸ್ವಿಂಗ್‌ಮ್ಯಾನ್ ಎಂಬ ದರ್ಜೆ ಸಾಕು. ಆಟಗಾರರು ತೊಡುವಂಥ ಅಥೆಂಟಿಕ್ ದರ್ಜೆ ಬಲು ದುಬಾರಿ, ಅದರ ಅಳತೆಯೂ 44, 48, 52 ಎಂದು ಬೇರೆ. 48 ಎಂದರೆ ಲಾರ್ಜ್. ಹಾಳಾಗುವುದು ಬಟ್ಟೆಗಿಂತ ಮೊದಲು ಅಂಟಿಸಿದ ಅಂಕಿ. ಒಳಭಾಗ ಹೊರಗೆ ಮಾಡಿ ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ಬಿಸಿನೀರು, ಡ್ರೈಯರ್, ಅಂಕಿಯ ಮೇಲೆ ಇಸ್ತ್ರಿ ಬೇಡ, ಅಂಟು ಬಿಟ್ಟು ಅಂಚು ಏಳುತ್ತದೆ.

ಫೆಬ್ರುವರಿಯಲ್ಲಿ ಆಸ್ಟಿನ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಸ್ಪರ್ಸ್ ಪಂದ್ಯವನ್ನು ಅಂಗಳದಲ್ಲೇ ನೋಡಬಹುದೇ?
– ನಿವೃತ್ತ ದಂಪತಿ, ಮೈಸೂರು

ವಿಮಾನದ ಟಿಕೆಟ್ ಪಡೆಯುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಫೆಬ್ರುವರಿಯಲ್ಲಿ ತಂಡದ ತವರು ಅಂಗಳವಾದ ಸ್ಯಾನ್ ಆಂಟೋನಿಯೊದ ಫ್ರಾಸ್ಟ್ ಬ್ಯಾಂಕ್ ಸೆಂಟರ್ ಅನ್ನು ಜಾನುವಾರು ಪ್ರದರ್ಶನ ಮತ್ತು ಕುದುರೆ, ಗೂಳಿ ಸವಾರಿಯ ಸ್ಪರ್ಧೆಯಾದ ರೋಡಿಯೊಗೆ ಬಿಟ್ಟುಕೊಡುತ್ತಾರೆ. 2003ರಿಂದ ನಡೆದುಬಂದ ಪದ್ಧತಿಯಂತೆ ತಂಡ ಆ ದಿನಗಳಲ್ಲಿ ಊರು ಬಿಟ್ಟು ಸಾಲಾಗಿ ಹೊರಗಿನ ಪಂದ್ಯಗಳನ್ನು ಆಡುತ್ತದೆ. ಇದು ಗೊತ್ತಿಲ್ಲದೆ ಹೋದವರು ಖಾಲಿ ಕೈಯಲ್ಲಿ ಬರುತ್ತಾರೆ.

ನಿಮಗೆ ಎರಡು ದಾರಿಯಿವೆ. ಈಚಿನ ವರ್ಷಗಳಲ್ಲಿ ತಂಡ ಕೆಲವು ತವರು ಪಂದ್ಯಗಳನ್ನು ಆಸ್ಟಿನ್‌ನ ಮೂಡಿ ಸೆಂಟರ್‌ನಲ್ಲೇ ಆಡಿದೆ. 2025ರಲ್ಲಿ ಅವು ಫೆಬ್ರುವರಿಯಲ್ಲೇ ಬಂದಿದ್ದವು. ಈ ಸಲದ ವೇಳಾಪಟ್ಟಿಯಲ್ಲಿ ಅಂಥದ್ದಿದ್ದರೆ ಮಗಳ ಊರಲ್ಲೇ ಪಂದ್ಯ ಸಿಕ್ಕಂತೆ. ಇಲ್ಲವೇ ಪ್ರವಾಸವನ್ನು ಮಾರ್ಚ್‌ಗೆ ಹಾಕಿ. ಆಸ್ಟಿನ್‌ನಿಂದ ಸ್ಯಾನ್ ಆಂಟೋನಿಯೊ ಸುಮಾರು 130 ಕಿಲೋಮೀಟರ್, ಆದರೆ ಹೆದ್ದಾರಿಯಲ್ಲಿ ಸಂಜೆ ವಾಹನ ಕಿಕ್ಕಿರಿಯುತ್ತವೆ. 7ರ ಪಂದ್ಯಕ್ಕೆ 3.30ರೊಳಗೆ ಮನೆ ಬಿಡಿ.

ಟಿಕೆಟ್ ವಾರದ ನಡುವಿನ ದಿನಕ್ಕೆ, ಹೆಚ್ಚು ಹೆಸರಿಲ್ಲದ ಎದುರಾಳಿಯ ಪಂದ್ಯಕ್ಕೆ ನೋಡಿ, ಬೆಲೆ ಇಳಿದಿರುತ್ತದೆ. ಅಂಗಳದ ಉದ್ದಕ್ಕೆ ಎದುರಾಗಿರುವ ಮೇಲಿನ ಸಾಲು, ರಿಂಗ್ ಹಿಂದಿನ ಕೆಳ ಸಾಲಿಗಿಂತ ಮೇಲು, ಹತ್ತೂ ಜನರ ಓಡಾಟ ಅಲ್ಲಿಂದ ಒಟ್ಟಿಗೆ ಕಾಣುತ್ತದೆ. ಬ್ಯಾಗ್ ಗಾತ್ರದ ನಿಯಮ ಕಟ್ಟುನಿಟ್ಟು, ಮೊದಲೇ ಓದಿಕೊಳ್ಳಿ. ಟಿಕೆಟ್ ಫೋನಿನಲ್ಲಿರುವುದರಿಂದ ಮಗಳು ನಿಮ್ಮಿಬ್ಬರ ಜೊತೆಗೇ ಬಾಗಿಲು ದಾಟಬೇಕು, ಇಲ್ಲವೇ ಮುಂಚೆಯೇ ನಿಮ್ಮ ಫೋನಿಗೆ ವರ್ಗಾಯಿಸಿಕೊಡಬೇಕು.