ಬರೀ ಮರಳಿನ ದ್ವೀಪದಲ್ಲಿ ಕೆರೆ, ಮಳೆಕಾಡು ಹೇಗೆ?

ಮರಳಿಗೆ ನೀರು ಸುರಿದರೆ ಇಂಗಿಹೋಗುತ್ತದೆ, ಅಲ್ವಾ? ಹಾಗಿದ್ದರೂ ಆಸ್ಟ್ರೇಲಿಯಾದ ಫ್ರೇಸರ್ ದ್ವೀಪದ ಮರಳಿನ ಮೇಲೆ ಕೆರೆಗಳಿವೆ. 2023ರಿಂದ ಇದರ ಅಧಿಕೃತ ಹೆಸರು ಕ್‌ಗರಿ. ಮೂಲನಿವಾಸಿ ಬುಚುಲ್ಲಾ ಜನ ಈ ದ್ವೀಪಕ್ಕೆ ಇಟ್ಟ ಹೆಸರು, ಹೇಳುವಾಗ ಹೆಚ್ಚುಕಮ್ಮಿ ನಮ್ಮ 'ಗರಿ'.

ಗುಟ್ಟು ಕೊಳೆತ ಎಲೆಯಲ್ಲಿದೆ. ದಿಬ್ಬಗಳ ನಡುವಿನ ತಗ್ಗಿನಲ್ಲಿ ಎಲೆ, ತೊಗಟೆ ಬಿದ್ದು ಕೊಳೆಯುತ್ತವೆ. ಆ ಕಪ್ಪು ರಸ ಮರಳಿನ ಕಣಗಳನ್ನು ಅಂಟಿಸಿ, ನೀರು ಸುಲಭವಾಗಿ ಇಳಿಯದ ಗಟ್ಟಿ ಪದರ ಮಾಡುತ್ತದೆ. ಬಣ್ಣ ಕಂದು, ಅದಕ್ಕೇ ಹೆಸರು 'ಕಾಫಿ ರಾಕ್'. ಅದರ ಮೇಲೆ ಮಳೆನೀರು ನಿಲ್ಲುತ್ತದೆ, ಅಂತರ್ಜಲಕ್ಕಿಂತ ಎಷ್ಟೋ ಮೇಲೆ. ಇಂಥವುಗಳಲ್ಲಿ ಬೂಮಂಜಿನ್ ದೊಡ್ಡದು, ಸುಮಾರು 200 ಹೆಕ್ಟೇರ್. ನೀರು ಥೇಟ್ ಟೀ ಬಣ್ಣ. ಮೆಕೆಂಜಿ ಕೆರೆಯದ್ದು ಮಾತ್ರ ಗಾಜಿನಷ್ಟು ತಿಳಿ. ನೋಡಲು ಚೆಂದ, ಆದರೆ ನೀರು ಹುಳಿ, ಪೋಷಕಾಂಶ ಕಡಿಮೆ. ಮೀನು ಜಾಸ್ತಿ ಇಲ್ಲ.

ಕಾಡಿನ ಕಥೆ ಇನ್ನೂ ನಿಧಾನದ್ದು. ಮೊದಲು ಸಮುದ್ರದ ದಡದಲ್ಲಿ ಬಳ್ಳಿ, ಹುಲ್ಲು. ಅವು ಸತ್ತು ಗೊಬ್ಬರವಾದ ಮೇಲೆ ಪೊದೆ, ಆಮೇಲೆ ಮರ. ಬೇರಿಗೆ ಅಂಟಿದ ಶಿಲೀಂಧ್ರಗಳು ಮರಳಿನಿಂದ ಚೂರುಪಾರು ಪೋಷಕಾಂಶ ಹೆಕ್ಕಿ ಕೊಡುತ್ತವೆ. ಸಾವಿರಾರು ವರ್ಷ ಹೀಗೇ ನಡೆದು, ಒಳಗಿನ ಹಳೆಯ ದಿಬ್ಬಗಳ ಮೇಲೆ ದಟ್ಟ ಮಳೆಕಾಡು ಎದ್ದಿದೆ.